ಗಲ್ಲಾದ ಕಂಪ್ಯೂಟರ್ ಶುರುವಾಗದಿದ್ದರೆ

ಕರೆಂಟು ಹೋಗಿ ಬಂದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್ ವಿಂಡೋಸ್‌ವರೆಗೆ ಬಾರದೆ ನಿಂತರೆ, ರಿಪೇರಿಯವರು ಮೊದಲು ಹೇಳುವ ಮಾತು ಫಾರ್ಮ್ಯಾಟ್. ಕೂಡಲೇ ಒಪ್ಪಬೇಡಿ, ಹಳೇ ಲೆಕ್ಕ ಹೋದೀತು. ಬಯಾಸ್‌ನಲ್ಲಿ ಹಾರ್ಡ್ ಡಿಸ್ಕಿನ ಹೆಸರು ಕಾಣುತ್ತದೆಯೇ ಎಂದು ನೋಡಿಸಿ. ಕಾಣದಿದ್ದರೆ ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಡಿಸ್ಕೇ ಕೆಟ್ಟಿರಬಹುದು. ಹೆಸರಿದ್ದೂ ನೀಲಿ ಪರದೆಯಲ್ಲಿ 'ಅನ್‌ಮೌಂಟಬಲ್ ಬೂಟ್ ವಾಲ್ಯೂಮ್' ಎಂದು ಬಂದರೆ, ಹೆಚ್ಚಾಗಿ ಕೆಟ್ಟಿರುವುದು ಫೈಲ್ ಸಿಸ್ಟಮ್. ಉಗ್ರಾಣದಲ್ಲಿ ಸಾಮಾನು ಇದೆ, ಸ್ಟಾಕ್ ಪುಸ್ತಕ ಹರಿದಿದೆ, ಅಂಥ ಸ್ಥಿತಿ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಸಿಕ್ಕಷ್ಟು ಲೆಕ್ಕ ಕಾಪಿ ಮಾಡಿಸಿಕೊಂಡ ನಂತರವೇ ಚೆಕ್‌ಡಿಸ್ಕ್ ಓಡಿಸಲಿ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದೂ ಬೇಡ, ಡೇಟಾ ತೆಗೆಯುವವರ ಬಳಿಗೇ ಒಯ್ಯಿರಿ. ನಾವಂತೂ ರಾತ್ರಿ ಗಲ್ಲಾ ಎಣಿಸುವಾಗಲೇ ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿಸುತ್ತೇವೆ.