ನ್ಯಾಯಸ್ಥಾನದಲ್ಲಿ ಸೃಷ್ಟಿಯ ಕಥೆ

ಜಗತ್ತು ಹೇಗೆ ಹುಟ್ಟಿತು ಎಂದು ಕೇಳದ ಜನಾಂಗವಿಲ್ಲ. ಆದರೆ ಆ ಪ್ರಶ್ನೆಗೆ ದೊರೆತ ಉತ್ತರದಿಂದ ಮನುಷ್ಯನು ಕಲಿಯಬೇಕಾದುದೇನು ಎಂಬ ಇನ್ನೊಂದು ಪ್ರಶ್ನೆಯನ್ನು ಯೆಹೂದ್ಯರಷ್ಟು ಪಟ್ಟುಹಿಡಿದು ಕೇಳಿದವರು ವಿರಳ. ಬೈಬಲಿನ ಆದಿಕಾಂಡದ ಸೃಷ್ಟಿಕಥೆ ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ಮೊದಲು ಬೆಳಕು, ಬಳಿಕ ಆಕಾಶ, ನೆಲ, ಗಿಡಮರಗಳು, ಸೂರ್ಯಚಂದ್ರರು, ಜಲಚರಗಳು, ಪಕ್ಷಿಗಳು, ಮೃಗಗಳು, ಆರನೆಯ ದಿನದ ಕಡೆಗೆ ಮಾನವ. ಏಳನೆಯ ದಿನ ವಿಶ್ರಾಂತಿ. ಈ ಸರಳ ಕಥೆಯ ಹೀಬ್ರೂ ಮೂಲವನ್ನು ಅಕ್ಷರ ಅಕ್ಷರವಾಗಿ ಹಿಡಿದು ಯೆಹೂದ್ಯ ಗುರುಗಳಾದ ರಬ್ಬಿಗಳು ನಡೆಸಿದ ಜಿಜ್ಞಾಸೆಯ ಸ್ವಾರಸ್ಯವೇ ಬೇರೆ.

ಅವರ ವಿಚಾರ ಮೊದಲ ಅಕ್ಷರದಿಂದಲೇ ತೊಡಗುತ್ತದೆ. ಆದಿಕಾಂಡದ ಮೊದಲ ಪದ 'ಬೆರೇಷಿತ್'. ಅದರ ಮೊದಲ ಅಕ್ಷರ 'ಬೇತ್', ಹೀಬ್ರೂ ವರ್ಣಮಾಲೆಯಲ್ಲಿ ಎರಡನೆಯದು. ಸರ್ವಕ್ಕೂ ಆದಿಯನ್ನು ಹೇಳುವ ಗ್ರಂಥ ಆದ್ಯಕ್ಷರವಾದ 'ಆಲೆಫ್'ನಿಂದ ಏಕೆ ತೊಡಗಲಿಲ್ಲ? ಆದಿಕಾಂಡದ ಪ್ರಾಚೀನ ವ್ಯಾಖ್ಯಾನಸಂಗ್ರಹವಾದ 'ಬೆರೇಷಿತ್ ರಬ್ಬಾ' ಇದಕ್ಕೆ ಕೊಡುವ ಸಮಾಧಾನಗಳಲ್ಲಿ ಒಂದು ಬಹು ಸೊಗಸಾಗಿದೆ. ಹೀಬ್ರೂ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಬೇತ್ ಅಕ್ಷರ ಮೇಲೆ, ಕೆಳಗೆ, ಹಿಂದೆ ಮುಚ್ಚಿಕೊಂಡಿದೆ. ಬರಹ ಸಾಗುವ ದಿಕ್ಕಿಗೆ ಮಾತ್ರ ತೆರೆದುಕೊಂಡಿದೆ. ಹಾಗೆಯೇ ಮೇಲೇನಿದೆ, ಕೆಳಗೇನಿದೆ, ಸೃಷ್ಟಿಗೆ ಹಿಂದೆ ಏನಿತ್ತು ಎಂದು ಕೆದಕಬೇಡ; ಸೃಷ್ಟಿಯಾದ ದಿನದಿಂದ ಮುಂದಕ್ಕೆ ನೋಡು ಎಂಬುದು ಅದರ ಇಂಗಿತವಂತೆ. ಕ್ರಿ. ಶ. 200ರ ಸುಮಾರಿಗೆ ರಬ್ಬಿ ಯೆಹೂದನು ಸಂಕಲಿಸಿದ ಧರ್ಮಸಂಹಿತೆ 'ಮಿಷ್ನಾ' ಕೂಡ, ಸೃಷ್ಟಿರಹಸ್ಯವನ್ನು ಏಕಕಾಲದಲ್ಲಿ ಇಬ್ಬರು ಶಿಷ್ಯರಿಗೆ ಬೋಧಿಸಕೂಡದೆಂದು ಕಟ್ಟು ಮಾಡಿತು. ನಮ್ಮ ಋಗ್ವೇದದ ನಾಸದೀಯ ಸೂಕ್ತದ ಋಷಿ ಅದೇ ಮುಚ್ಚಿದ ಬಾಗಿಲನ್ನು ತಟ್ಟಿ, ಮೇಲಿರುವ ಅಧ್ಯಕ್ಷನಿಗಾದರೂ ಇದು ತಿಳಿದಿದೆಯೋ ಇಲ್ಲವೋ ಎಂಬ ಸಂಶಯದಲ್ಲಿ ನಿಲ್ಲುತ್ತಾನೆ. ರಬ್ಬಿಗಳಾದರೋ ಆ ಬಾಗಿಲಿಗೆ ಬೆನ್ನು ಮಾಡಿ ಲೋಕದ ಕಡೆಗೆ ಮುಖ ತಿರುಗಿಸಿದರು.

ಫ್ರಾನ್ಸಿನ ಟ್ರ್ವಾ ಪಟ್ಟಣದಲ್ಲಿ ಬಾಳಿದ ಮಹಾಭಾಷ್ಯಕಾರ ರಾಷಿ (1040-1105) ಎತ್ತಿದ ಆಕ್ಷೇಪ ಇನ್ನೂ ದಿಟ್ಟವಾದುದು. ತೋರಾ ಎಂಬುದು ವಿಧಿನಿಷೇಧಗಳ ಗ್ರಂಥ. ಹಾಗಿದ್ದಲ್ಲಿ ವಿಮೋಚನಕಾಂಡದಲ್ಲಿ ಬರುವ ಮೊದಲ ವಿಧಿಯಿಂದಲೇ ಅದು ತೊಡಗಬಹುದಿತ್ತು, ಸೃಷ್ಟಿಕಥೆಯ ಆವಶ್ಯಕತೆಯೇನು? ವೇದದಲ್ಲಿ ವಿಧಿಯೇ ಪ್ರಧಾನವೆಂದ ನಮ್ಮ ಮೀಮಾಂಸಕರು ಈ ಪೂರ್ವಪಕ್ಷವನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಹಿಂದಿನ ಗುರುವೊಬ್ಬನನ್ನು ಅನುಸರಿಸಿ ರಾಷಿ ಕೊಟ್ಟ ಉತ್ತರವಿದು: ಭೂಮಿಯೆಲ್ಲ ಸೃಷ್ಟಿಕರ್ತನದು, ಅದನ್ನು ಕೊಡುವವನೂ ಹಿಂತೆಗೆಯುವವನೂ ಆತನೇ. ಇಸ್ರೇಲರಿಗೆ ದೊರೆತ ನಾಡಿನ ಹಕ್ಕು ನಿಂತಿರುವುದು ಇದರ ಮೇಲೆಯೇ. ಮೊದಲ ವಾಕ್ಯದ ವ್ಯಾಕರಣವನ್ನು ಪರಿಶೀಲಿಸಿದ ಆತ, ನೀರು ಯಾವಾಗ ಸೃಷ್ಟಿಯಾಯಿತೆಂದು ಅಲ್ಲಿ ಹೇಳಿಲ್ಲದಿರುವುದರಿಂದ, ಈ ವಚನ ಸೃಷ್ಟಿಯ ಕ್ರಮವನ್ನು ತಿಳಿಸಲು ಬಂದದ್ದಲ್ಲವೆಂದೂ ವಾದಿಸಿದ.

ಮಾನವನ ಸೃಷ್ಟಿಯ ವಿಷಯಕ್ಕೆ ಬಂದಾಗ ಈ ಚಿಂತನೆ ಗಹನವಾಗುತ್ತದೆ. ಮನುಷ್ಯನನ್ನು ಸೃಷ್ಟಿಸುವ ಮುನ್ನ ದೇವದೂತರಲ್ಲಿ ಎರಡು ಪಕ್ಷವಾಯಿತೆಂದು ಬೆರೇಷಿತ್ ರಬ್ಬಾ ಹೇಳುತ್ತದೆ. ಉಪಕಾರ ಮಾಡುವನು, ಸೃಷ್ಟಿಯಾಗಲಿ ಎಂದಿತು ಕರುಣೆ. ಸುಳ್ಳಿನ ಮುದ್ದೆ, ಬೇಡ ಎಂದಿತು ಸತ್ಯ. ನ್ಯಾಯ ಬೇಕೆಂದಿತು, ಜಗಳಗಂಟನೆಂದು ಶಾಂತಿ ಬೇಡವೆಂದಿತು. ದೇವರು ಸತ್ಯವನ್ನೆತ್ತಿ ನೆಲಕ್ಕೆಸೆದನಂತೆ. ಅವರ ವಾದ ಮುಗಿಯುವಷ್ಟರಲ್ಲಿ ಮನುಷ್ಯನನ್ನು ಸೃಷ್ಟಿಸಿಯೇ ಬಿಟ್ಟನಂತೆ. ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಆಚಾರ್ಯರ ಶಿಷ್ಯಪರಂಪರೆಗಳು ಇದೇ ವಿಷಯವನ್ನು ಎರಡೂವರೆ ವರ್ಷ ಚರ್ಚಿಸಿ, ಮನುಷ್ಯ ಹುಟ್ಟದಿದ್ದರೇ ಲೇಸಾಗುತ್ತಿತ್ತು, ಹುಟ್ಟಿದ ಮೇಲೆ ತನ್ನ ನಡತೆಯನ್ನು ಶೋಧಿಸಿಕೊಳ್ಳಲಿ ಎಂದು ಬಹುಮತದಿಂದ ನಿರ್ಣಯಿಸಿದುವೆಂದು ಬಾಬಿಲೋನಿನ ತಾಲ್ಮುದ್ ದಾಖಲಿಸಿದೆ. ದೇವರ ಕೈಕೃತಿಯ ಮೇಲೆಯೇ ಇಂಥ ತೀರ್ಪು ಕೊಟ್ಟು, ಅದನ್ನು ಪವಿತ್ರ ಸಾಹಿತ್ಯದಲ್ಲಿ ಉಳಿಸಿಕೊಂಡ ಧೈರ್ಯ ಸಾಮಾನ್ಯವಾದುದಲ್ಲ.

ಆದರೆ ಸೃಷ್ಟಿಕಥೆಯ ನಿಜವಾದ ಬೆಲೆ ಗೊತ್ತಾಗುವುದು ಪಾಠಶಾಲೆಯಲ್ಲಲ್ಲ, ನ್ಯಾಯಸ್ಥಾನದಲ್ಲಿ. ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿಗಳನ್ನು ಹೇಗೆ ಎಚ್ಚರಿಸಬೇಕೆಂಬುದನ್ನು ಮಿಷ್ನಾದ 'ಸನ್ಹೆದ್ರಿನ್' ಭಾಗ ವಿಧಿಸುತ್ತದೆ. ಊಹೆಯಿಂದಲೋ ಇನ್ನೊಬ್ಬರಿಂದ ಕೇಳಿಯೋ ಸಾಕ್ಷ್ಯ ನುಡಿಯಬಾರದು. ಹಣದ ವ್ಯಾಜ್ಯದಲ್ಲಿ ತಪ್ಪಿದರೆ ಹಣ ತೆತ್ತು ಪಾರಾಗಬಹುದು. ಪ್ರಾಣದ ವ್ಯಾಜ್ಯದಲ್ಲಿ ಸತ್ತವನ ರಕ್ತವೂ ಅವನಿಗೆ ಹುಟ್ಟಬಹುದಾಗಿದ್ದ ಸಂತತಿಯ ರಕ್ತವೂ ಸಾಕ್ಷಿಯ ತಲೆಯ ಮೇಲೆ ಶಾಶ್ವತವಾಗಿ ನಿಲ್ಲುತ್ತವೆ. ಇಷ್ಟು ಹೇಳಿ ನ್ಯಾಯಾಧಿಪತಿಗಳು ಆದಮನ ಕಥೆಗೆ ಬರುತ್ತಾರೆ. ದೇವರು ಮೊದಲು ಒಬ್ಬನನ್ನೇ ಸೃಷ್ಟಿಸಿದ್ದೇಕೆ? ಒಂದು ಪ್ರಾಣವನ್ನು ಕಳೆದವನು ಒಂದು ಲೋಕವನ್ನೇ ಕಳೆದಂತೆ, ಒಂದು ಪ್ರಾಣವನ್ನು ಉಳಿಸಿದವನು ಒಂದು ಲೋಕವನ್ನೇ ಉಳಿಸಿದಂತೆ ಎಂದು ಕಲಿಸುವುದಕ್ಕೆ. ನನ್ನ ತಂದೆ ನಿನ್ನ ತಂದೆಗಿಂತ ಹಿರಿಯನೆಂದು ಯಾರೂ ಬೀಗದಿರಲಿ ಎಂಬುದಕ್ಕೆ. ಇನ್ನೂ ಒಂದು ಕಾರಣವಿದೆ: ಮನುಷ್ಯ ಒಂದೇ ಅಚ್ಚಿನಿಂದ ಟಂಕಿಸಿದ ನಾಣ್ಯಗಳೆಲ್ಲ ಒಂದೇ ತೆರ; ದೇವರು ಆದಮನ ಅಚ್ಚಿನಲ್ಲೇ ಎಲ್ಲರನ್ನೂ ಒತ್ತಿದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಆದ್ದರಿಂದ ಪ್ರತಿಯೊಬ್ಬನೂ, ಜಗತ್ತು ಸೃಷ್ಟಿಯಾದದ್ದು ನನಗಾಗಿ ಎಂದುಕೊಳ್ಳಬೇಕು. ಹಾಗೆಂದು ಸಾಕ್ಷಿ ಹೆದರಿ ಮೌನ ತಾಳುವಂತೆಯೂ ಇಲ್ಲ. ಕಂಡದ್ದನ್ನು ಹೇಳದಿರುವುದೂ ಪಾಪವೆಂದು ಅಲ್ಲಿಯೇ ನೆನಪಿಸುತ್ತಾರೆ.

ಇಲ್ಲೊಂದು ಪಾಠಾಂತರದ ಸಂಗತಿ ಗಮನಾರ್ಹ. ಪ್ರಚಲಿತವಾದ ಅನೇಕ ಮುದ್ರಿತ ಪ್ರತಿಗಳಲ್ಲಿ ಈ ಮಾತು 'ಇಸ್ರೇಲಿನ ಒಂದು ಪ್ರಾಣ' ಎಂದಿದೆ. ಕೌಫ್‌ಮನ್ ಹಸ್ತಪ್ರತಿಯಂಥ ಪ್ರಾಚೀನ ಪ್ರತಿಯಲ್ಲಿ ಆ ವಿಶೇಷಣವಿಲ್ಲ. ಗ್ರಂಥಸಂಪಾದನೆಯ ದೃಷ್ಟಿಯಿಂದ ಮಾತ್ರವಲ್ಲ, ಅರ್ಥೌಚಿತ್ಯದಿಂದಲೂ ಹಸ್ತಪ್ರತಿಯ ಪಾಠವೇ ಗ್ರಾಹ್ಯ. ಆದಮನು ಯೆಹೂದ್ಯನಲ್ಲ, ಸಕಲ ಮಾನವರ ಮೂಲಪುರುಷ. ಆತನ ಕಥೆಯನ್ನು ಪ್ರಮಾಣವಾಗಿ ಹಿಡಿದವರು ಪ್ರಾಣದ ಬೆಲೆಯನ್ನು ಒಂದು ಜನಾಂಗಕ್ಕೆ ಸೀಮಿತಗೊಳಿಸಿದರೆ ಆ ಪ್ರಮಾಣವೇ ಕುಸಿಯುತ್ತದೆ. ಒಂದು ಪದದ ಸೇರ್ಪಡೆಯಿಂದ ಮನುಷ್ಯಕುಲವೆಲ್ಲ ಹೊರಗುಳಿಯಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಬೇತ್ ಅಕ್ಷರದ ಬೇಲಿಯನ್ನು ದಾಟಿದವರೂ ಇಲ್ಲದಿಲ್ಲ. ಗಲಿಲಾಯದ ಸಫೇದ್ ಪಟ್ಟಣದಲ್ಲಿ ಬೋಧಿಸಿದ ಅನುಭಾವಿ ಐಸಾಕ್ ಲೂರಿಯಾ (1534-1572) ಸೃಷ್ಟಿಗೆ ಹಿಂದಿನ ರಹಸ್ಯಕ್ಕೇ ಕೈಹಾಕಿದ. ಲೋಕಕ್ಕೆ ಎಡೆ ಮಾಡಿಕೊಡಲು ಅನಂತನು ತನ್ನನ್ನು ತಾನೇ ಸಂಕೋಚಗೊಳಿಸಿಕೊಂಡನು. ದಿವ್ಯಜ್ಯೋತಿಯನ್ನು ತಾಳಲಾರದೆ ಪಾತ್ರೆಗಳು ಒಡೆದುವು. ಕಿಡಿಗಳು ಎಲ್ಲೆಡೆ ಚೆದರಿದುವು ಎಂಬುದು ಆತನ ದರ್ಶನ. ಆದರೆ ಆ ಕಿಡಿಗಳನ್ನು ಎತ್ತಿ ಒಡೆದುದನ್ನು ಸರಿಪಡಿಸುವ ಹೊಣೆ ಮನುಷ್ಯನ ಮೇಲೆಯೇ ಬಿತ್ತು. ಬೇಲಿ ದಾಟಿದವನೂ ಮರಳಿ ಬಂದದ್ದು ಕರ್ತವ್ಯದ ಹೊಸ್ತಿಲಿಗೆ.

ಜಗತ್ತಿನ ಹುಟ್ಟನ್ನು ಕುರಿತ ವಿಜ್ಞಾನದ ವಿವರಣೆ ದಿನದಿನಕ್ಕೆ ವಿಸ್ತಾರವಾಗುತ್ತಿದೆ. ಅದು ಹಾಗೆಯೇ ಬೆಳೆಯಲಿ. ಆದರೆ ಕಟಕಟೆಯಲ್ಲಿ ನಿಂತವನ ಪ್ರಾಣ ಇನ್ನೊಬ್ಬನ ನಾಲಗೆಯ ತುದಿಯಲ್ಲಿರುವಾಗ, ಮೊದಲು ಒಬ್ಬನೇ ಮನುಷ್ಯನಿದ್ದನೆಂಬ ಆ ಹಳೆಯ ಕಥೆ ಮಾಡುವ ಕೆಲಸವನ್ನು ಬೇರಾವ ವಿವರಣೆಯೂ ಮಾಡಲಾರದು.