ನೌಕರಿಯ ನಿರೀಕ್ಷೆಯಲ್ಲಿ ಸರಿಯುವ ವರುಷಗಳು

ಶ್ರೀಮಠಕ್ಕೆ ಆಗಮಿಸುವ ಸದ್ಭಕ್ತರಲ್ಲಿ ಅನೇಕರು ದರ್ಶನದ ನಂತರ ಕಾರ್ಯಾಲಯಕ್ಕೂ ಬಂದು ಒಂದೇ ಮಾತನ್ನು ಕೇಳುತ್ತಾರೆ: "ಮಗ ಪದವಿ ಮುಗಿಸಿ ನಾಲ್ಕು ವರ್ಷವಾಯಿತು, ಧಾರವಾಡದಲ್ಲಿಯೇ ಓದುತ್ತಿದ್ದಾನೆ. ಇನ್ನೆಷ್ಟು ದಿನ?" ಸಪ್ತಾಪುರದ ಓಣಿಗಳಲ್ಲಿ ನಡೆದಾಡಿದವರಿಗೆ ಈ ಪ್ರಶ್ನೆಯ ಭಾರ ತಿಳಿದೀತು. ಕೋಚಿಂಗ್ ಕೇಂದ್ರಗಳು, ವಾಚನಾಲಯಗಳು, ಖಾನಾವಳಿಗಳು. ಅವುಗಳ ನಡುವೆ ಪಿಡಿಒ, ಎಫ್‌ಡಿಎ, ಪಿಎಸ್‌ಐ ಹುದ್ದೆಗಳ ಕನಸು ಹೊತ್ತ ಉತ್ತರ ಕರ್ನಾಟಕದ ತರುಣ ತರುಣಿಯರು.

ಇವರ ಪರಿಶ್ರಮದಲ್ಲಿ ಕೊರತೆಯಿಲ್ಲ. ಕಾಲ ಮಾತ್ರ ಇವರ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯು ಅಕ್ರಮದ ಕಾರಣ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಆ ಎರಡು ವರ್ಷಗಳಿಗೂ ಮಿಕ್ಕ ಕಾಲವನ್ನು ಕಳೆದುಕೊಂಡರು.

ಇತ್ತ ಹುಬ್ಬಳ್ಳಿಯ ಅಂಗಡಿ, ಆಸ್ಪತ್ರೆ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕೆಲಸವಿಲ್ಲವೆಂದಲ್ಲ. ಆದರೆ ಅವು ಬಹುಮಟ್ಟಿಗೆ ಪ್ರಕಟಣೆಯಿಂದಲ್ಲ, ಪರಿಚಯದಿಂದ ತುಂಬುತ್ತವೆ. ಟ್ಯಾಲಿ, ಜಿಎಸ್‌ಟಿ ಬಲ್ಲ ಇಪ್ಪತ್ತೆರಡರ ಯುವಕನೆದುರು, ಕೇವಲ ಸಾಮಾನ್ಯ ಜ್ಞಾನವನ್ನೇ ಓದಿದ ಇಪ್ಪತ್ತೆಂಟರ ಪದವೀಧರ ಹಿಂದೆ ಬೀಳುತ್ತಾನೆ. ಸರ್ಕಾರ ಆಗಾಗ ವಯೋಮಿತಿಯನ್ನು ಸಡಿಲಿಸುತ್ತದೆ, ಖಾಸಗಿ ಮಾಲೀಕನು, "ಇಷ್ಟು ವರ್ಷ ಏನು ಮಾಡಿದೆ?" ಎಂದೇ ಮೊದಲು ಕೇಳುತ್ತಾನೆ.

ಆದ್ದರಿಂದ ಓದಿನ ಜೊತೆಗೆ ಅನುಭವವನ್ನೂ ಗಳಿಸುವ ದಾರಿಯನ್ನು ಪಾಲಕರು ಅರಿಯಬೇಕು. 1961ರ ಅಪ್ರೆಂಟಿಸ್ ಕಾಯ್ದೆಯು ಐಟಿಐ ಮುಗಿಸಿದವರಿಗಷ್ಟೇ ಎಂಬ ಭಾವನೆ ನಮ್ಮಲ್ಲಿ ಉಳಿದಿದೆ. ಡಿಪ್ಲೊಮಾ ಹಾಗೂ ಪದವಿ ಪಡೆದವರಿಗೂ ಅದರಡಿ ಶಿಷ್ಯವೇತನ ಸಹಿತ ತರಬೇತಿ ದೊರೆಯುತ್ತದೆ, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಬರುವುದುಂಟು. ಅದೂ ಗರಿಷ್ಠ ಎರಡು ವರ್ಷ, ಕೋಣೆ ಬಾಡಿಗೆಗೇ ಸರಿಹೋಗುವ ಮೊತ್ತ.

ಮುಖ್ಯವಾದದ್ದು, ಅವಧಿಯನ್ನು ಮನೆಯಲ್ಲಿ ಮೊದಲೇ ನಿಶ್ಚಯಿಸುವುದು: ಎರಡು ಪ್ರಯತ್ನವೋ ಮೂರೋ, ಆ ಬಳಿಕ ಬೇರೆ ಕೆಲಸದಲ್ಲಿದ್ದೇ ಪರೀಕ್ಷೆ ಬರೆಯುವುದು. ಹೊಲ ಅಡವಿಟ್ಟು ಶುಲ್ಕ ಕಟ್ಟಿದ ತಂದೆಗೆ ಇದನ್ನು ಹೇಳಲು ಮಗ ಅಂಜುತ್ತಾನೆ. ಮಗ ನೊಂದಾನೆಂದು ತಂದೆ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಹತ್ತು ಜನರ ನಡುವೆ "ನೌಕರಿ ಆಯಿತೇನು?" ಎನ್ನುವ ಬಂಧುಗಳಿಂದಾಗಿ ಎಷ್ಟೋ ಮಕ್ಕಳು ಹಬ್ಬಕ್ಕೂ ಊರಿಗೆ ಬರುತ್ತಿಲ್ಲ. ಈ ಸಲ ಬಂದಾಗ ಆ ಮಾತನ್ನು ತಂದೆ-ತಾಯಿಗಳೇ, ಏಕಾಂತದಲ್ಲಿ, ಮೊದಲು ಎತ್ತಲಿ.