ಒಂದು ಗೂಟ, ಹತ್ತು ಸುತ್ತು, ಮೂವತ್ತು ಸಾವಿರ ಆನೆ

ದಪ್ಪ ಬರೀ 11 ಮಿಲಿಮೀಟರ್. ಬಂಡೆ, ಬಾವಿ, ಪ್ರಪಾತಗಳಿಗೆ ಇಳಿಯುವ ರಕ್ಷಣಾ ತಂಡಗಳು ಬಳಸುವ ಈ ಹಗ್ಗ ಯುರೋಪಿನ ಮಾನದಂಡದಂತೆ ಕನಿಷ್ಠ 22 ಕಿಲೋನ್ಯೂಟನ್ ಎಳೆತ ತಾಳಬೇಕು. ತೂಕದ ಲೆಕ್ಕದಲ್ಲಿ ಅದು ಸುಮಾರು 2,240 ಕಿಲೋ. ತಲಾ 70 ಕಿಲೋದ 32 ಮಂದಿ ಒಟ್ಟಿಗೆ ಜೋತುಬಿದ್ದಷ್ಟು!

ಈಗ ಅದಕ್ಕೊಂದು ಗಂಟು ಹಾಕಿ. ಹಗ್ಗ ಹೊಚ್ಚಹೊಸದು, ಒಂದು ನೂಲೂ ಸವೆದಿಲ್ಲ. ಆದರೂ ದಾರದ ತುದಿಗೆ ನಾವೆಲ್ಲ ಹಾಕುವ ಸಾದಾ ಗಂಟು ಸುಮಾರು ಅರ್ಧ ಬಲವನ್ನು ನುಂಗಿಬಿಡುತ್ತದೆ: 16 ಮಂದಿ ಕೆಳಗಿಳಿಯಬೇಕು. ಎಂಟರ ಆಕಾರದ ಫಿಗರ್ ಎಯ್ಟ್ ಗಂಟಾದರೆ ಮುಕ್ಕಾಲು ಪಾಲು ಉಳಿದೀತು, 24 ಮಂದಿ ನಿಂತಾರು. ಈ ಎರಡು ಗಂಟುಗಳ ನಡುವಿನ ವ್ಯತ್ಯಾಸ ಬರೀ ಅರ್ಧ ಸುತ್ತು. ಅರ್ಧ ಸುತ್ತಿನ ಬೆಲೆ ಎಂಟು ಜನ! ಬಲ್ಲವರು ಇಷ್ಟನ್ನೂ ನಂಬುವುದಿಲ್ಲ. ಹಗ್ಗದ ಬಲದ ಹತ್ತನೆಯ ಒಂದು ಪಾಲಿಗೇ ತೃಪ್ತಿಪಡುವ ತಂಡಗಳು ಎಷ್ಟೋ ಇವೆ: 32 ಮಂದಿಯ ಹಗ್ಗಕ್ಕೆ ಮೂವರು.

ಅದೇ ಹಗ್ಗವನ್ನು ಗೂಟಕ್ಕೆ ಸುತ್ತಿ ನೋಡಿ, ಲೆಕ್ಕ ತಿರುಗುಮುರುಗಾಗುತ್ತದೆ. ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರದಲ್ಲಿ ಘರ್ಷಣೆಯ ಗುಣಾಂಕವನ್ನು 0.3 ಎಂದು ಹಿಡಿದರೆ, ಪ್ರತಿ ಸುತ್ತಿಗೂ ಹಿಡಿತ ಸುಮಾರು 6.6 ಪಟ್ಟು ಏರುತ್ತದೆ. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ! ತುದಿಯನ್ನು ನೀವು ಒಂದೇ ಒಂದು ಕಿಲೋ ಬಲದಿಂದ ಹಿಡಿದಿದ್ದೀರಿ ಎನ್ನಿ. ಮೂರು ಸುತ್ತಿಗೆ 286 ಕಿಲೋ ನಿಲ್ಲುತ್ತದೆ. ಐದು ಸುತ್ತಿಗೆ 12 ಟನ್, ತಲಾ 4 ಟನ್ನಿನ ಮೂರು ಸಲಗ. ಏಳು ಸುತ್ತಿಗೆ 134 ಸಲಗ! ಒಂಬತ್ತು ಸುತ್ತಿಗೆ 23 ಸಾವಿರ ಟನ್. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿದ್ದ ಆನೆಗಳು ಅಂದಾಜು 6,395. ಮರಿ, ಮುದಿ ಎಲ್ಲ ಸೇರಿ ಸರಾಸರಿ ಮೂರೂವರೆ ಟನ್ ಎಂದರೂ, ಬಂಡೀಪುರ, ನಾಗರಹೊಳೆಗಳ ಹಿಂಡುಗಳ ಸಮೇತ ಅಷ್ಟೂ ನಿಮ್ಮ ಮುಷ್ಟಿಯಲ್ಲಿ. ಹತ್ತನೆಯ ಸುತ್ತು ಹಾಕಿದಿರೋ, ಹಿಡಿತ ಒಂದೂವರೆ ಲಕ್ಷ ಟನ್ ದಾಟಿತು. 2017ರಲ್ಲಿ ಭಾರತದಾದ್ಯಂತ ಅಂದಾಜಿಸಿದ 29,964 ಆನೆಗಳನ್ನೂ ತಡೆದು, ಇನ್ನೂ ಹದಿಮೂರು ಸಾವಿರಕ್ಕೆ ಜಾಗ ಉಳಿಯುತ್ತದೆ!

ಹಗ್ಗ ತಾಳಬೇಕಷ್ಟೆ. ನಮ್ಮ 11 ಮಿಲಿಮೀಟರಿನದು ಮೊದಲ ಸಲಗಕ್ಕೇ ಹರಿದುಹೋಗುತ್ತದೆ. ಬಂದರಿನಲ್ಲಿ ಹಡಗು ಕಟ್ಟುವ ಹಗ್ಗಗಳು ಅಷ್ಟು ದಪ್ಪಗಿರುವುದು ಸುಮ್ಮನೆ ಅಲ್ಲ.

ಇನ್ನು ಗಂಟುಗಳ ಸಂಖ್ಯೆಗೆ ಬನ್ನಿ. ಅಮೆರಿಕದ ಕ್ಲಿಫರ್ಡ್ ಆ್ಯಶ್ಲಿ 11 ವರ್ಷ ಕೂತು, 1944ರಲ್ಲಿ ಹೊರತಂದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ದಿನಕ್ಕೊಂದರಂತೆ ಕಲಿತರೂ ಹತ್ತು ವರ್ಷ ಸಾಲದು. ಗಣಿತಜ್ಞರ ಪಟ್ಟಿಯ ಮುಂದೆ ಅದು ಏನೇನೂ ಅಲ್ಲ. ಎರಡೂ ತುದಿ ಕೂಡಿಸಿದ ಹುರಿಯಲ್ಲಿ, ಎಳೆಯ ಮೇಲೆ ಎಳೆ ಹಾಯುವ ದಾಟುಗಳು 19ರವರೆಗಿನ ಬಿಡಿಸಲಾಗದ ಮೂಲ ಗಂಟುಗಳನ್ನು 2020ರಲ್ಲಿ ಬೆಂಜಮಿನ್ ಬರ್ಟನ್ ಎಣಿಸಿ ಮುಗಿಸಿದರು: 35,21,52,252! ನಿಮಿಷಕ್ಕೊಂದರಂತೆ, ನಿದ್ದೆಯಿಲ್ಲದೆ ಹಾಕುತ್ತಾ ಹೋದರೆ 670 ವರ್ಷ. ಹರಿಹರ-ಬುಕ್ಕರ ಕಾಲದಲ್ಲಿ ಶುರುಮಾಡಿದವನು ಈಗಷ್ಟೇ ಕೈ ಕೊಡವಿಕೊಳ್ಳುತ್ತಿದ್ದ.

ಇಷ್ಟೆಲ್ಲ ಇದ್ದೂ, ಮನುಷ್ಯನ ಜೀವವನ್ನು ತೂಗುಹಾಕಲು ನೆಚ್ಚುವ ಗಂಟುಗಳು ಬೆರಳೆಣಿಕೆಯಷ್ಟು: ಫಿಗರ್ ಎಯ್ಟ್, ಬೋಲೈನ್, ಕ್ಲೋವ್ ಹಿಚ್, ಡಬಲ್ ಫಿಶರ್‌ಮನ್, ಇನ್ನು ಕೆಲವು. ಅವಕ್ಕೂ ಶಿಸ್ತುಂಟು. ಸುತ್ತುಗಳು ಹೆಣೆದುಕೊಳ್ಳದೆ ಸಾಲಾಗಿ ಕೂರಬೇಕು, ಭಾರ ಬೀಳುವ ಮೊದಲೇ ಪ್ರತಿ ಎಳೆಯನ್ನೂ ಜಗ್ಗಿ ಬಿಗಿದಿರಬೇಕು, ಉಳಿದ ತುದಿ ಹಗ್ಗದ ದಪ್ಪದ ಕನಿಷ್ಠ ಹತ್ತು ಪಟ್ಟು ಹೊರಗಿರಬೇಕು. ನಮ್ಮ ಹಗ್ಗಕ್ಕೆ ಅದು 11 ಸೆಂಟಿಮೀಟರ್. 35 ಕೋಟಿ ಗಂಟುಗಳ ಲೋಕದಲ್ಲಿ ಒಂದು ಪ್ರಾಣಕ್ಕೆ ಕಾವಲು ಅರ್ಧ ಗೇಣು ಹಗ್ಗ!